ಕರಡಿಗುಡ್ಡದ ಡಾಕ್ಟ್ರು ಮತ್ತು ಬ್ಯಾಟರಿ ಸೈಕಲ್ಲು

ಅವರ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದು ನಮ್ಮ ಸೈಕಲ್ ಗುಂಪಿನವರು ಕೇಳಿದಾಗ ನಾನು ಬರೆದುಕೊಟ್ಟೆ. 'ಸರಳ ಜೀವಿ, ಶಿಸ್ತಿನ ಸಿಪಾಯಿ, ನಮ್ಮೆಲ್ಲರ ಮಾರ್ಗದರ್ಶಕರು' ಎಂದೆಲ್ಲ ಬರೆದೆ. ನನ್ನ ಔಷಧಿ ಅಂಗಡಿಯಲ್ಲಿ ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರುವುದರೊಳಗೆ ಮುಗಿದ ಕೆಲಸ. ಅದನ್ನೇ ಫಲಕಕ್ಕೆ ಬರೆಸಿ, ಮೇಲೆ ಅವರ ಫೋಟೋ ಹಾಕಿಸಿ, ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿ ಸಿಗುವ ಕರಡಿಗುಡ್ಡದ ಬುಡದಲ್ಲಿ ನೆಟ್ಟಿದ್ದಾರೆ. ಓದಿದವರು ಚೆನ್ನಾಗಿದೆ ಅನ್ನುತ್ತಾರೆ. ಆ ನಾಲ್ಕು ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅವರನ್ನು ಆ ಗುಡ್ಡದಿಂದ ಹೊರಗೆ ಹಾಕಿದ್ದು ನಾವೇ, ಅದರಲ್ಲೂ ನಾನೇ ಎನ್ನುವುದು ಅಲ್ಲೆಲ್ಲೂ ಇಲ್ಲ. ಅದಕ್ಕೇ ಈಗ ಮತ್ತೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಇದೆ, ಬೇಕಾದವರು ಹೋಗಿ ಓದಿಕೊಳ್ಳಲಿ.

ಊರಿಗೆಲ್ಲ ಅವರು 'ದನದ ಡಾಕ್ಟ್ರು'. ನಿಜಕ್ಕೂ ಡಾಕ್ಟರಲ್ಲ, ಪಶು ಆಸ್ಪತ್ರೆಗೆ ಕಾಂಪೌಂಡರಾಗಿ ಸೇರಿ, ಪರಿವೀಕ್ಷಕರಾಗಿ ನಿವೃತ್ತರಾದವರು. ಕಳ್ಳಂಬೆಳ್ಳ, ನಾಗಲಮಡಿಕೆ, ಕೊರಟಗೆರೆ, ಕಡೆಗೆ ನಮ್ಮ ಮಧುಗಿರಿ ಎಂದು ವರ್ಗವಾದ ಕಡೆಯಲ್ಲೆಲ್ಲ ಹಳ್ಳಿ ಹಳ್ಳಿ ಸುತ್ತಿದ್ದು ಸೈಕಲ್ಲಿನ ಮೇಲೆಯೇ. ಜೊತೆಯವರೆಲ್ಲ ಮೊಪೆಡ್ಡು, ಬೈಕು ಎಂದು ಬದಲಾದರೂ ಇವರು ಬದಲಾಗಲಿಲ್ಲ. ಸೈಕಲ್ಲಿನ ನಡುವಿನ ಕಂಬಿಗೆ ಒಂದು ಕಂದು ಚರ್ಮದ ಚೀಲ ಕಟ್ಟಿರುತ್ತಿತ್ತು. ಅದರಲ್ಲಿ ಸಿರಿಂಜು, ಅಯೋಡಿನ್ ಬಾಟಲಿ, ಒಂದು ಟವೆಲ್ಲು. ನಿವೃತ್ತರಾದ ಮೇಲೆ ಸಿರಿಂಜು ಹೋಗಿ ಪಂಕ್ಚರ್ ಸಾಮಾನು ಬಂತು, ಟವೆಲ್ಲು ಹಾಗೇ ಉಳಿಯಿತು.

ಜೀವನವಿಡೀ ದನಗಳ ಜೊತೆ ಕಳೆದದ್ದರಿಂದಲೋ ಏನೋ, ಮನುಷ್ಯರನ್ನೂ ಅದೇ ಕಣ್ಣಲ್ಲಿ ನೋಡುತ್ತಿದ್ದರು. ಯಾರಾದರೂ ಇವತ್ತು ಮೈಗೆ ಸರಿಯಿಲ್ಲ, ಗುಡ್ಡ ಹತ್ತೋಕಾಗಲ್ಲ ಎಂದರೆ ಹತ್ತಿರ ಬಂದು ಅವರ ಕಿವಿ ಮುಟ್ಟಿ ನೋಡುತ್ತಿದ್ದರು. "ಕಿವಿ ಬಿಸಿ ಇಲ್ಲ. ಜ್ವರ ಗಿರ ಏನಿಲ್ಲ, ಸೋಮಾರಿತನ. ಹತ್ಲಾ," ಎನ್ನುತ್ತಿದ್ದರು. ಬ್ಯಾಂಕಿನ ಮ್ಯಾನೇಜರಿರಲಿ, ತಾಲ್ಲೂಕು ಆಫೀಸಿನವರಿರಲಿ, ಅವರ ಕೈಗೆ ಕಿವಿ ಕೊಡದೆ ಬಿಡುಗಡೆ ಇರಲಿಲ್ಲ. ನನ್ನ ಕಿವಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ನೀನೇ ಮುಟ್ಕೊಂಡು ನಿಜ ಹೇಳಮ್ಮ," ಎಂದು ದೂರ ನಿಂತು ಕಾಯುತ್ತಿದ್ದರು.

ನಾನು ಆ ಗುಂಪಿಗೆ ಸೇರಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿ, ನನ್ನ ಅಂಗಡಿಯ ಮಾತ್ರೆಯನ್ನೇ ನಾನು ನುಂಗಲು ಶುರು ಮಾಡಿದ್ದೆ. ಅದು ಅವರಿಗೆ ಹೇಗೋ ಗೊತ್ತಾಯಿತು. ಅವರ ಮನೆ ನಮ್ಮ ಅಂಗಡಿಯ ಎದುರು ಸಾಲಿನಲ್ಲೇ. ಒಂದು ದಿನ ಬಂದು ಕೌಂಟರಿಗೆ ಮೊಣಕೈ ಊರಿ, "ಮಾತ್ರೆ ಮಾರೋಳೇ ಮಾತ್ರೆ ನುಂಗ್ಬುಟ್ರೆ ನಾವು ಯಾರ್ ಮಕ ನೋಡ್ಬೇಕಮ್ಮ? ಭಾನುವಾರ ಬಾ," ಎಂದರು. ಸೈಕಲ್ಲಿಲ್ಲ ಎಂದೆ. ಅವರೇ ಎಲ್ಲಿಂದಲೋ ಹಳೆಯದೊಂದನ್ನು ತಂದು ರಿಪೇರಿ ಮಾಡಿಕೊಟ್ಟರು. ಮೊದಲ ದಿನ ಹೆಲ್ಮೆಟ್ ಹಾಕಿಕೊಂಡು ಬಸ್ ನಿಲ್ದಾಣದ ಮುಂದೆ ಹೋಗುವಾಗ ಜನ ಸರ್ಕಸ್ ನೋಡಿದ ಹಾಗೆ ನೋಡಿದರು. ಒಬ್ಬನಂತೂ ಸೀಟಿ ಹೊಡೆದ. ಡಾಕ್ಟ್ರು ಸೈಕಲ್ ನಿಲ್ಲಿಸಿ ಅವನ ಹತ್ತಿರ ಹೋಗಿ ಕಿವಿ ಮುಟ್ಟಿ ನೋಡಿ, "ಬಿಸಿ ಅದೆ, ಮನೆಗೋಗಿ ಮಲಿಕ್ಕೋ," ಎಂದು ಬಂದರು. ನನ್ನ ಗಂಡ ಕೂಡ ಆ ದಿನಗಳಲ್ಲಿ ನನ್ನ ಪರವಾಗಿ ಅಷ್ಟು ಮಾಡಲಿಲ್ಲ.

ಕರಡಿಗುಡ್ಡದ ಹಾದಿ ಅವರೇ ಮಾಡಿದ್ದು. ನಿವೃತ್ತಿಯಾದ ಮೇಲೆ ಮೂರು ವರ್ಷ ಒಂದು ಗುದ್ದಲಿ, ಒಂದು ಮಚ್ಚು ಹಿಡಿದು ಗುಡ್ಡದ ಮೇಲೆಯೇ ಇದ್ದರು. ಹೊಸದಾಗಿ ಕಡಿದದ್ದು ಕಡಿಮೆ. ಮೇಯಲು ಹೋಗುವ ದನಗಳ ಹಿಂದೆ ನಡೆದು, ಅವು ಎಲ್ಲೆಲ್ಲಿ ತಿರುಗುತ್ತವೆ, ಎಲ್ಲಿ ನಿಲ್ಲುತ್ತವೆ ಎಂದು ನೋಡಿಕೊಂಡು ಅದನ್ನೇ ಹಾದಿ ಮಾಡಿದ್ದರು. "ದನ ಯಾವತ್ತೂ ನೆಟ್ಟಗೆ ಹತ್ತಲ್ಲ ಕಣಮ್ಮ. ಅದಕ್ಕೆ ಗೊತ್ತು ಎಲ್ಲಿ ಉಸ್ರು ತಗೋಬೇಕು ಅಂತ," ಎನ್ನುತ್ತಿದ್ದರು. ತಂಗಡಿ ಗಿಡಗಳ ನಡುವೆ ಶುರುವಾಗಿ, ಬಂಡೆಗಳನ್ನು ಬಳಸಿಕೊಂಡು, ಅರ್ಧ ದಾರಿಯಲ್ಲಿ ಒಂದು ಹುಣಸೆ ಮರದ ಕೆಳಗೆ ಹಾಯ್ದು, ಹನ್ನೊಂದು ತಿರುವುಗಳಲ್ಲಿ ಮೇಲಿನ ಬೋಳು ಬಂಡೆಗೆ ಮುಟ್ಟುವ ಹಾದಿ. ಪ್ರತಿ ತಿರುವಿನಲ್ಲೂ ಮಳೆನೀರು ಪಕ್ಕಕ್ಕೆ ಇಳಿಯಲಿ ಎಂದು ಕಲ್ಲು ಕೂರಿಸಿದ್ದರು. ಈಗ ಬೆಂಗಳೂರಿನಿಂದ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಬರುವವರು 'ಟ್ರೇಲ್ ಸೂಪರ್' ಎನ್ನುತ್ತಾರೆ. ಸೂಪರ್ ಇರಲೇಬೇಕು, ಗಟ್ಟಿ ಕೆಲಸ ಅದು.

ಅವರ ಸೈಕಲ್ಲಿಗೆ ಯಾವಾಗಲೂ ಎರಡು ಬಾಟಲಿ ನೀರು. ಎಷ್ಟೇ ಬಾಯಾರಿದರೂ ಇನ್ನೊಬ್ಬರ ನೀರು ಕೇಳುತ್ತಿರಲಿಲ್ಲ, ಕೊಟ್ಟರೂ ಕುಡಿಯುತ್ತಿರಲಿಲ್ಲ. ಜಂಭ ಅಂದುಕೊಂಡಿದ್ದೆ. ಒಮ್ಮೆ ಮೇಲಿನ ಬಂಡೆಯ ಮೇಲೆ ಕೂತಾಗ ತಾವಾಗಿಯೇ ಹೇಳಿದರು. "ಸರ್ವೀಸಿಗೆ ಸೇರಿದ ಹೊಸ್ದು. ಒಂದೂರಲ್ಲಿ ಹಸ ಕರ ಹಾಕೋಕಾಗ್ದೆ ಒದ್ದಾಡ್ತಿತ್ತು. ಮೂರು ಗಂಟೆ ಒದ್ದಾಡಿ ಎಳ್ದೆ. ಎರಡು ಜೀವಾನೂ ಉಳೀತು. ನೀರು ಕೇಳಿದ್ರೆ ಆ ಮನೆ ಯಜಮಾನ ಬೊಗಸೆ ಒಡ್ಡು ಅಂದ. ಮೇಲಿಂದ ಸುರಿದ. ಕೊಟ್ಟಿಗೆ ಒಳಕ್ಕೆ ನಾವು ಬರ್ಬೌದು, ಚೊಂಬು ಮುಟ್ಟಂಗಿಲ್ಲ. ಅವತ್ತಿಂದ ನನ್ ನೀರು ನಂದು, ನನ್ ಗಾಡಿ ನಂದು, ನನ್ ಕಾಲು ನಂದು. ಯಾರ ಹಂಗೂ ಬ್ಯಾಡ." ಹೇಳಿ ಎದ್ದು ಸೈಕಲ್ ಹತ್ತಿದರು.

ಗುಂಪಿನಲ್ಲಿ ಅವರು ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಅದನ್ನು 'ಎತ್ತೋದು' ಎನ್ನುತ್ತಿದ್ದೆವು. ಭಾನುವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಸೇರಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಸೈಕಲ್ಲನ್ನು ಪಕ್ಕದವರ ಕೈಗೆ ಕೊಡಬೇಕು. ಅವರು ಅದನ್ನು ಎತ್ತಿ, ನೆಲಕ್ಕೆ ಮೆಲ್ಲಗೆ ಬಿಟ್ಟು, ಏನಾದರೂ ಗಲಗಲ ಅನ್ನುತ್ತದಾ ಕೇಳಿ, ಗಾಲಿ ತಿರುಗಿಸಿ, ಬ್ರೇಕು ಹಿಡಿದು ನೋಡಿ, ಸರಿಯಿದೆ ಎಂದ ಮೇಲೆಯೇ ಹತ್ತುವುದು. ತಮ್ಮದನ್ನು ತಾವೇ ನೋಡಿಕೊಳ್ಳುವಂತಿಲ್ಲ. "ನಮ್ ಗಾಡಿ ತಪ್ಪು ನಮ್ಗೆ ಕಾಣಲ್ಲ, ಒಗ್ಗೋಗಿರ್ತದೆ," ಎನ್ನುವುದು ಅವರ ವಾದ. ನಾನು ನೋಡಿದ ಸೈಕಲ್ಲಿನ ಬ್ರೇಕು ಇಳಿಯುವಾಗ ಕೈಕೊಟ್ಟರೆ, ಅದನ್ನು ಹೊತ್ತು ಕೆಳಗೆ ತರುವ ಜವಾಬ್ದಾರಿ ನನ್ನದು. ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತಿತ್ತು. ಆದರೆ ಅಷ್ಟು ವರ್ಷದಲ್ಲಿ ನಮ್ಮಲ್ಲಿ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ.

ಆ ಪದ್ಧತಿಯಿಂದಲೇ ಮೊದಲು ಹೊರಗೆ ಹೋದವನು ರಫೀಕ್. ಸಿರಾದಲ್ಲಿ ಮಂಚ, ಬೀರು ಮಾರುವ ಅಂಗಡಿ ಅವನದು. ಗುಂಪು ಕಟ್ಟಿದ ಐದು ಜನರಲ್ಲಿ ಒಬ್ಬ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆರು ತಿಂಗಳು ಮನೆಯಲ್ಲಿದ್ದು, ಒಂದು ಭಾನುವಾರ ಹೊಸ ಸೈಕಲ್ ತಂದ. ಕೆಂಪು ಬಣ್ಣ, ದಪ್ಪ ಕಂಬಿ. ಎಂದಿನಂತೆ ಡಾಕ್ಟ್ರ ಕೈಗೆ ಕೊಟ್ಟ. ಅವರು ಒಂದು ಕೈಯಲ್ಲಿ ಎತ್ತಲು ಹೋಗಿ ಆಗದೆ ಎರಡು ಕೈ ಹಾಕಿದರು.

"ಏನ್ಲಾ ಇದು? ಸೀಸ ತುಂಬಿದಿಯಾ?"

"ಬ್ಯಾಟರಿ, ಡಾಕ್ಟರ್ ಸಾಬ್. ದಿಲ್‌ಗೆ ಸ್ಟೆಂಟು, ಸೈಕಲ್‌ಗೆ ಬ್ಯಾಟರಿ. ಎರಡೂ ಹೊಸಾದು," ಎಂದು ರಫೀಕ್ ನಕ್ಕ. ನಾವೂ ನಕ್ಕೆವು. ಡಾಕ್ಟ್ರು ನಗಲಿಲ್ಲ.

"ರೋಡಲ್ಲಿ ಓಡಿಸ್ಕೋ. ಗುಡ್ಡಕ್ಕೆ ಬ್ಯಾಡ."

"ಅರೆ, ಪೆಡಲ್ ನಾನೇ ತುಳೀಬೇಕು. ಅದು ಬರೀ ಸಹಾಯ ಮಾಡತ್ತೆ ಅಷ್ಟೆ."

"ಆ ಸಾಯನೇ ಬ್ಯಾಡ ಅಂತಿರೋದು. ಇಷ್ಟ್ ಭಾರದ್ದು ತಿರುವಲ್ಲಿ ಗಾಲಿ ಜಾಡಿಸ್ತದೆ, ಗರಸು ಕಿತ್ಕೊಂಡೋಯ್ತದೆ, ಒಂದ್ ಮಳೆಗೆ ಹಾದಿ ಕಾಲುವೆ ಆಯ್ತದೆ. ಇವತ್ತು ನಿಂದು ಒಂದು. ನಾಳೆ ಇಪ್ಪತ್ತು ಜನ ಬತ್ತಾರೆ, ಕಾಲಲ್ಲಿ ಕಸು ಇಲ್ದೋರೆಲ್ಲ ಮೇಲೋಗಿ ಇಳಿಯಕ್ಕೆ ಬರ್ದೆ ಬೀಳ್ತಾರೆ. ಹತ್ತೋ ಕಷ್ಟ ಗೊತ್ತಿಲ್ದೋನಿಗೆ ಇಳಿಯೋ ಹಕ್ಕಿಲ್ಲ ರಫೀಕು."

"ನಂಗೆ ಕಷ್ಟ ಗೊತ್ತಿಲ್ವಾ? ಈ ಕಲ್ಲು ಕೂರಿಸೋವಾಗ ನಿಮ್ ಜೊತೆ ನಾನೂ ಹೊತ್ತಿದೀನಿ." ರಫೀಕನ ಮುಖದಲ್ಲಿ ನಗು ಹೋಗಿತ್ತು. "ಹಾರ್ಟ್ ಡಾಕ್ಟರ್ ಹತ್ಬೇಡ ಅಂದಿದಾರೆ, ಜೋರಾಗಿ ತುಳೀಬೇಡ ಅಂದಿದಾರೆ. ಇದಿದ್ರೆ ನಿಮ್ ಜೊತೆ ಬರಬಹುದು, ಇಲ್ದಿದ್ರೆ ಇಲ್ಲ. ಅಷ್ಟೇ ವಿಷ್ಯ. ನಾಳೆ ನಿಮ್ಗೂ ವಯಸ್ಸಾಗತ್ತೆ ಸಾಬ್."

"ಆಗ್ಲಿ. ಅವತ್ತು ಮನೇಲಿರ್ತೀನಿ. ಮೋಟ್ರು ಕಟ್ಕೊಂಡು ಇಲ್ಲಿಗೆ ಬರಲ್ಲ."

ಆ ಹೊತ್ತಿಗೆ ಮೇಕೆ ಹೊಡೆದುಕೊಂಡು ಬಂದ ತಿಮ್ಮಕ್ಕ ಜಗಳ ನೋಡುತ್ತ ನಿಂತಿದ್ದಳು. ದಿನಾ ಆ ಗುಡ್ಡದಲ್ಲೇ ಮೇಕೆ ಮೇಯಿಸುವವಳು. "ಮೋಟ್ರಾದ್ರೇನು, ಕಾಲಾದ್ರೇನು ಸಾಮಿ? ನನ್ ಮೇಕೆ ಬೆದರ್ದಂಗೆ ಹೋದ್ರೆ ಸಾಕು. ಅವಯ್ಯ ಮೆತ್ತಗೆ ಹೋಯ್ತಾನೆ, ಬುಡಿ," ಎಂದಳು. ಅಷ್ಟು ಜನರಲ್ಲಿ ಬುದ್ಧಿವಂತಿಕೆಯ ಮಾತು ಅದೊಂದೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಾವಗಡದ ಓಬಳೇಶ, ಸೋಲಾರ್ ಪ್ಯಾನೆಲ್ಲುಗಳ ಕಡೆ ಸೂಪರ್‌ವೈಸರ್, ಮೊದಲಿಂದಲೂ ಡಾಕ್ಟ್ರ ಬಾಲ, "ರೂಲ್ ಅಂಟೆ ರೂಲ್ ರಫೀಕ್ ಭಾಯ್, ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ," ಎಂದ. ನಾನು ನನ್ನ ಗ್ಲೌಸು ಸರಿಮಾಡಿಕೊಳ್ಳುತ್ತಿದ್ದೆ. ಸರಿಮಾಡಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ರಫೀಕ್ ಸೈಕಲ್ ತಿರುಗಿಸಿಕೊಂಡು ಹೋದ. ಬಾಗಿಲಲ್ಲೇ ನಿಲ್ಲಿಸಿಕೊಳ್ಳುವುದು ಎಂದರೇನು ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದ ಮನುಷ್ಯ ಇನ್ನೊಬ್ಬನನ್ನು ಹಾಗೆ ನಿಲ್ಲಿಸಿದರಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ, ಅವರಿಗೂ ಹೊಳೆದಂತೆ ಕಾಣಲಿಲ್ಲ. ಅಂದು ಸಂಜೆಯೇ ಓಬಳೇಶ ನಿಯಮವನ್ನು ವಾಟ್ಸಾಪಿನಲ್ಲಿ ಬರೆದು ಹಾಕಿದ: ಕರಡಿಗುಡ್ಡದ ಹಾದಿ ಕಾಲಿನಲ್ಲಿ ತುಳಿಯುವವರಿಗೆ ಮಾತ್ರ. ನಾನು ಹೆಬ್ಬೆರಳಿನ ಗುರುತು ಒತ್ತಿದೆ.

ವರ್ಷ ಕಳೆಯಿತು. ಮಧ್ಯೆ ಡಾಕ್ಟ್ರು ಎರಡು ತಿಂಗಳು ಬರಲಿಲ್ಲ. ಬೆನ್ನು ಹಿಡಿದುಕೊಂಡಿದೆ ಎಂದರು. ಮತ್ತೆ ಬಂದಾಗ ಸೊರಗಿದ್ದರು, ಆದರೆ ಸೈಕಲ್ಲಿನ ಮೇಲೆ ಹಿಂದಿಗಿಂತ ಜೋರು. ನಾವು ಸೇರುವ ಹೊತ್ತಿಗೆ ಅವರು ಆಗಲೇ ಹೊರಟಿರುತ್ತಿದ್ದರು. 'ನಾನು ಮುಂದೆ ಹೋಗಿರ್ತೀನಿ' ಎಂದು ಫೋನಿನಲ್ಲಿ ಒಂದು ಸಾಲು. ನಾವು ಏದುಸಿರು ಬಿಡುತ್ತ ಮೇಲೆ ತಲುಪಿದರೆ ಬಂಡೆಯ ಮೇಲೆ ಕೂತು ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅರವತ್ತೆಂಟು ವಯಸ್ಸಿನ ಮನುಷ್ಯ! ಹೊಸದಾಗಿ ಸೇರಿದ ಕಾಲೇಜು ಮೇಷ್ಟ್ರೊಬ್ಬರು ಅವರ ಕಾಲಿಗೆ ನಮಸ್ಕಾರ ಮಾಡಿದರು. ಓಬಳೇಶ ವಿಡಿಯೋ ಮಾಡಿ 'ಇದು ಕಾಲಿನ ತಾಕತ್ತು' ಎಂದು ಹಾಕಿದ. ಡಾಕ್ಟ್ರು ಬೇಡ ಎನ್ನಲಿಲ್ಲ. ಅದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರ ಸಮಕ್ಕೆ ಹತ್ತಬೇಕು ಎಂದು ನಾನು ಹಠ ಹಿಡಿದು, ಮಂಡಿ ಊದಿಸಿಕೊಂಡು, ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದೇನೆ. ಅದನ್ನೂ ನೋಡಿ, "ಅಭ್ಯಾಸ ಆಯ್ತದೆ ಕಣಮ್ಮ," ಎಂದರೇ ಹೊರತು ಬೇರೇನೂ ಹೇಳಲಿಲ್ಲ.

ಒಂದು ಭಾನುವಾರ ನನಗೆ ನಿದ್ದೆ ಬೇಗ ಬಿಟ್ಟು ಎಲ್ಲರಿಗಿಂತ ಮುಂಚೆ ಗುಡ್ಡದ ಬುಡಕ್ಕೆ ಹೋದೆ. ಡಾಕ್ಟ್ರು ಆಗತಾನೆ ಬಂದು ನೀರು ಕುಡಿಯುತ್ತಿದ್ದರು. ನನ್ನನ್ನು ಕಂಡು ಬೇಗ ಬಾಟಲಿ ಮುಚ್ಚಿ ಹೊರಡಲು ನೋಡಿದರು. ಅಷ್ಟರಲ್ಲಿ ಓಬಳೇಶ, ಮೇಷ್ಟ್ರು, ಇನ್ನು ನಾಲ್ಕು ಜನ ಬಂದರು.

"ಡಾಕ್ಟ್ರೇ, ಎತ್ತೋದು ಆಗ್ಲಿಲ್ಲ. ಕೊಡಿ ಇಲ್ಲಿ," ಎಂದೆ. ಸಲಿಗೆಯಿಂದಲೇ ಕೈ ಚಾಚಿದ್ದು.

"ನೆನ್ನೆನೇ ನೋಡ್ಕೊಂಡಿವ್ನಿ ಬುಡಮ್ಮ."

"ನಮ್ ಗಾಡಿ ತಪ್ಪು ನಮ್ಗೆ ಕಾಣಲ್ಲ ಅಂದೋರು ಯಾರು?"

ಎಲ್ಲರೂ ನಕ್ಕರು. ಅವರು ಹ್ಯಾಂಡಲ್ ಬಿಡಲಿಲ್ಲ. ನಾನು ತಮಾಷೆಗೆ ಎಂದು ಸೀಟು ಹಿಡಿದು ಎತ್ತಿದೆ. ಹಿಂದಿನ ಗಾಲಿ ನೆಲ ಬಿಡಲಿಲ್ಲ. ಗಾಲಿಯ ನಡುವಿನ ಗುಂಬ ಎಂದಿನಂತಿರಲಿಲ್ಲ, ದಪ್ಪಗಿತ್ತು, ಅದರ ತುಂಬ ಕೆಸರು ಮೆತ್ತಿತ್ತು. ಆ ಬೇಸಿಗೆಯಲ್ಲಿ ಕೆಸರು ಎಲ್ಲಿಯದು? ಚರ್ಮದ ಚೀಲದ ಬಾಯಿ ತೆಗೆದೆ. ಟವೆಲ್ಲಿನಲ್ಲಿ ಸುತ್ತಿಟ್ಟ ಬ್ಯಾಟರಿ.

ಆಗ ನಾನು ಚೀಲದ ಬಾಯಿ ಮುಚ್ಚಿ, ಸರಿಯಿದೆ ಹೋಗಿ ಎಂದಿದ್ದರೆ ಮುಗಿದು ಹೋಗುತ್ತಿತ್ತು. ನೋಡಿದವಳು ನಾನೊಬ್ಬಳೇ. ಆದರೆ ನನಗೆ ಕೋಪ ನೆತ್ತಿಗೇರಿತ್ತು. ಮೋಸ ಹೋದೆ ಎನ್ನುವ ಕೋಪ, ಮಂಡಿಯ ಕೋಪ, ರಫೀಕ್ ಹೋಗುವಾಗ ಸುಮ್ಮನಿದ್ದೆನಲ್ಲ ಎಂಬ ಕೋಪ, ಎಲ್ಲ ಸೇರಿ ಅವರ ಮೇಲೆ ಬಂತು. ಬ್ಯಾಟರಿಯನ್ನು ಹೊರಗೆ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

ಡಾಕ್ಟ್ರು ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತ, ಬಹಳ ಸಣ್ಣ ದನಿಯಲ್ಲಿ ಹೇಳಿದರು. "ಮೇಲ್ ತನಕ ಬ್ಯಾಡ ಕಣಮ್ಮ. ಹುಣಸೆ ಮರದ್ ತನಕ ಬಂದು ನಿಂತ್ಕೋತೀನಿ. ನೀವು ಹತ್ತಿ ಇಳಿಯೋದು ನೋಡ್ತಾ ಕೂತಿರ್ತೀನಿ."

ಅಷ್ಟು ವರ್ಷ ಯಾರಲ್ಲೂ ಒಂದು ಲೋಟ ನೀರು ಬೇಡದ ಮನುಷ್ಯ ಅರ್ಧ ಗುಡ್ಡ ಬೇಡುತ್ತಿದ್ದರು. ನನಗೆ ಅದು ಕೇಳಿಸಲಿಲ್ಲ ಎನ್ನಲಾರೆ. ಚೆನ್ನಾಗಿಯೇ ಕೇಳಿಸಿತು.

"ಮನೇಲಿರ್ತೀನಿ ಅಂದಿದ್ರಲ್ಲ ಡಾಕ್ಟ್ರೇ," ಎಂದೆ.

ಅವರು ತಲೆ ಆಡಿಸಿದರು, ಹೌದು ಎನ್ನುವ ಹಾಗೆ. ನನ್ನ ಕೈಯಿಂದ ಬ್ಯಾಟರಿ ತೆಗೆದುಕೊಂಡು, ಮತ್ತೆ ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಬಕಲ್ ಬಿಗಿದರು. ಯಾರೂ ಸಹಾಯ ಮಾಡಲಿಲ್ಲ. ರಸ್ತೆಯವರೆಗೂ ಸೈಕಲ್ ತಳ್ಳಿಕೊಂಡೇ ಹೋದರು, ಹತ್ತಲಿಲ್ಲ. ಓಬಳೇಶ ನನ್ನ ಹತ್ತಿರ ಬಂದು, "ಸರಿಯಾಗಿ ಹೇಳಿದ್ರಿ ಮೇಡಂ, ನಮ್ಗ್ಯಾರಿಗೂ ಧೈರ್ಯ ಇರ್ಲಿಲ್ಲ," ಎಂದ. ಆ ದಿನ ನಾನು ಹನ್ನೊಂದು ತಿರುವನ್ನೂ ಕಾಲು ಊರದೆ ಹತ್ತಿದೆ. ಮೇಲೆ ಹೋಗಿ ಫೋಟೋ ಕೂಡ ತೆಗೆಸಿಕೊಂಡೆ.

ಅಂದಿನಿಂದ ಅವರು ಬರಲಿಲ್ಲ. ನಮ್ಮ ಅಂಗಡಿಯ ಮುಂದೆ ಹಾಯುವುದನ್ನೂ ಬಿಟ್ಟು, ಹಿಂದಿನ ಬೀದಿಯಿಂದ ಹೋಗಿ ಬರತೊಡಗಿದರು. ತಪ್ಪು ಮಾಡಿದವರು ಅವರು, ಬಂದು ಒಂದು ಮಾತು ಹೇಳಲಿ ಎಂದು ನಾನೂ ಬಿಗಿಯಾಗಿದ್ದೆ. ಹೀಗಿರುವಾಗ ಒಂದು ದಿನ ಕೊರಟಗೆರೆಯ ಔಷಧಿ ಅಂಗಡಿಯವರು ಯಾವುದೋ ಸ್ಟಾಕಿಗೆ ಫೋನ್ ಮಾಡಿದವರು ಮಾತಿನ ಮಧ್ಯೆ ಕೇಳಿದರು. "ನಿಮ್ಮೂರ ದನದ ಡಾಕ್ಟ್ರು ಹಾರ್ಟಿನ ಮಾತ್ರೆಗೆ ನಮ್ಮಲ್ಲಿಗೆ ಬರ್ತಾರಲ್ಲ, ನಿಮ್ಗೂ ಅವ್ರಿಗೂ ಏನಾದ್ರೂ ಜಗಳಾನಾ? ಬಸ್ಸಲ್ಲಿ ಬಂದು ತಗೊಂಡೋಗ್ತಾರೆ, ಒಂದು ವರ್ಷದ ಮೇಲಾಯ್ತು."

ಬೆನ್ನು ಹಿಡಿದುಕೊಂಡಿದೆ ಎಂದಿದ್ದ ಆ ಎರಡು ತಿಂಗಳು ನಿಜಕ್ಕೂ ಹೃದಯದ ಕಾಯಿಲೆ ಎಂದು ಆಗ ಗೊತ್ತಾಯಿತು. ನನಗೆ ತಿಳಿಯಬಾರದು ಎಂದು, ಎದುರು ಸಾಲಿನಲ್ಲೇ ನನ್ನ ಅಂಗಡಿ ಇದ್ದರೂ, ಆ ಮನುಷ್ಯ ಪ್ರತಿ ತಿಂಗಳು ಬಸ್ಸು ಹತ್ತಿ ಕೊರಟಗೆರೆಗೆ ಹೋಗುತ್ತಿದ್ದರು. ಆ ಕ್ಷಣವೇ ಫೋನ್ ಮಾಡಬಹುದಿತ್ತು. ನಂಬರು ಬಾಯಿಪಾಠ. ಅಥವಾ ರಸ್ತೆ ದಾಟಿದರೆ ಅವರ ಮನೆ. ನಾಳೆ ಮಾಡೋಣ, ಎಂಥ ಮಾತು ಆಡುವುದು ಎಂದು ಯೋಚಿಸಿ ಮಾಡೋಣ ಎಂದುಕೊಂಡೆ. ಹೀಗೆ ಅಂದುಕೊಳ್ಳುತ್ತ ಐದು ತಿಂಗಳು ಕಳೆದೆ. ಕೆಟ್ಟವಳು ಎಂದು ನನ್ನನ್ನು ಬೈದುಕೊಂಡು ಬರೆಯುವುದು ಸುಲಭ. ನಿಜ ಹೇಳಬೇಕೆಂದರೆ ನನಗೆ ಆಗ ಪಶ್ಚಾತ್ತಾಪಕ್ಕಿಂತ ಮುಜುಗರವೇ ಹೆಚ್ಚಿತ್ತು.

ಅವರು ಹೋದದ್ದು ಒಂದು ಬುಧವಾರ, ಬೆಳಗಿನ ತಿಂಡಿ ಮುಗಿಸಿ ಕುರ್ಚಿಯಲ್ಲಿ ಕೂತವರು ಹಾಗೇ. ಮಣ್ಣಿಗೆ ಗುಂಪಿನವರೆಲ್ಲ ಬಂದಿದ್ದರು. ಹೆಗಲು ಕೊಟ್ಟವರಲ್ಲಿ ರಫೀಕನೂ ಇದ್ದ. ವಾಪಸ್ಸು ಬರುವಾಗ ನನ್ನ ಪಕ್ಕ ನಡೆಯುತ್ತ ಹೇಳಿದ.

"ನಿಮ್ಗೆ ಗೊತ್ತಾ ಮೇಡಂ? ಆ ಮೋಟ್ರು ಕಟ್ಟಿಸಿಕೊಟ್ಟಿದ್ದು ನಾನೇ. ಸಿರಾಕ್ಕೆ ಬಂದು ಅಂಗಡಿ ಮುಂದೆ ನಿಂತಿದ್ರು, ಒಳಗೆ ಬರ್ಲಿಲ್ಲ. ನಿನ್ನ ಓಡಿಸ್ದೋನು ನಾನು, ನಂಗೂ ಒಂದು ಮೋಟ್ರು ಕಟ್ಟಿಸಿಕೊಡ್ತೀಯಾ ಅಂದ್ರು. ಅರೆ, ಕೈ ಹಿಡಿದು ಒಳಗೆ ಕೂರಿಸಿ ಚಹಾ ಕೊಟ್ಟೆ. ಕುಡಿದ್ರು. ಆಮೇಲೆ ವಾರಕ್ಕೊಂದು ಸಲ ಕಳ್ಳಂಬೆಳ್ಳ ಕೆರೆ ಏರಿ ಮೇಲೆ ಇಬ್ರೂ ಓಡಿಸ್ತಿದ್ವಿ. ಗುಡ್ಡಕ್ಕೆ ಹೋಗೋದಾದ್ರೆ ಹೇಳಿಬಿಟ್ಟು ಹೋಗಿ ಸಾಬ್ ಅಂತ ಎಷ್ಟು ಸಲ ಅಂದೆ. ಬಾಯೇ ಬರಲ್ಲ ಕಣ್ಲಾ ಅಂತಿದ್ರು."

ನನಗೆ ರಫೀಕನ ಮೇಲೆ ಹೊಟ್ಟೆಕಿಚ್ಚಾಯಿತು. ಇನ್ನೊಬ್ಬರ ಮನೆಯಲ್ಲಿ ಹನಿ ನೀರು ಕುಡಿಯದ ಡಾಕ್ಟ್ರು ಅವನ ಅಂಗಡಿಯಲ್ಲಿ ಕೂತು ಚಹಾ ಕುಡಿದಿದ್ದರು.

ಈಗ ಗುಂಪಿನ ಸಂಗತಿ. ಡಾಕ್ಟ್ರು ಹೋದ ನಾಲ್ಕೇ ತಿಂಗಳಿಗೆ ಓಬಳೇಶ ಕಂತಿನಲ್ಲಿ ಬ್ಯಾಟರಿ ಸೈಕಲ್ ತಗೊಂಡ. ಮಂಡಿ ಸವೆದಿದೆಯಂತೆ. 'ಕಾಲಕ್ಕೆ ತಕ್ಕಂತೆ ಬದಲಾಗಬೇಕು' ಎಂದು ಅವನೇ ವಾಟ್ಸಾಪಿನಲ್ಲಿ ಬರೆದ. ನಲವತ್ತೈದು ದಾಟಿದವರಿಗೆ ಬ್ಯಾಟರಿ ಇರಬಹುದು ಎಂದು ನಿಯಮ ತಿದ್ದಲಾಯಿತು. ಕಾಲೇಜು ಮೇಷ್ಟ್ರು ಎರಡು ಕಣ್ಣೀರಿನ ಚಿಹ್ನೆ ಹಾಕಿ 'ಡಾಕ್ಟ್ರು ಇದ್ದಿದ್ದರೆ ಖುಷಿಪಡುತ್ತಿದ್ದರು' ಎಂದರು. ಈಗ ಭಾನುವಾರ ಬರುವ ಹದಿನೈದು ಸೈಕಲ್ಲಿನಲ್ಲಿ ಆರಕ್ಕೆ ಬ್ಯಾಟರಿ ಇದೆ. ಅಷ್ಟು ಭಾರ ಯಾರು ಎತ್ತುತ್ತಾರೆ ಎಂದು ಎತ್ತುವ ಪದ್ಧತಿಯೂ ನಿಂತಿದೆ. ಏಳನೆಯ ತಿರುವಿನಲ್ಲಿ ಗರಸು ಕಿತ್ತು ಹೋಗಿ ಮೊನ್ನೆಯ ಮಳೆಗೆ ಮೊಣಕಾಲುದ್ದದ ಕೊರಕಲಾಗಿದೆ; ಅವರು ಹೇಳಿದ್ದು ಆ ಮಟ್ಟಿಗೆ ಸರಿಯಾಗಿತ್ತು. ಗುದ್ದಲಿ ಹಿಡಿಯುವವರು ಯಾರೂ ಇಲ್ಲ, ಫಲಕಕ್ಕೆ ಮಾತ್ರ ಎಲ್ಲರೂ ಚಂದಾ ಕೊಟ್ಟರು. ರಫೀಕನನ್ನು ವಾಪಸ್ಸು ಕರೆದರು. "ಶುಕ್ರಿಯಾ, ನಂಗೆ ಕೆರೆ ಏರಿನೇ ಸಾಕು," ಎಂದನಂತೆ.

ಅವರ ಮನೆಗೆ ನಾನು ಹೋದದ್ದು ತಿಥಿಯ ಕಾರ್ಯವೆಲ್ಲ ಮುಗಿದ ಮೇಲೆ. ರಸ್ತೆ ದಾಟಲು ಅಷ್ಟು ದಿನ ಬೇಕಾಯಿತು. ಹಜಾರದ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಗೋಡೆಗೆ ಒರಗಿಸಿದ ಸೈಕಲ್ಲು. ಅವರ ಹೆಂಡತಿಯನ್ನು ನಾನು ಬೀದಿಯಲ್ಲಿ ನೋಡಿದ್ದೆ, ಮಾತಾಡಿಸಿದ್ದು ಕಡಿಮೆ. ಆಕೆ ಕುರ್ಚಿ ಎಳೆದು ಕೂರಿಸಿದರು. ಗಾಡಿಯನ್ನು ನೀನೇ ತಗೊಂಡೋಗಮ್ಮ, ಇಲ್ಲಿ ಯಾರು ತುಳೀತಾರೆ ಎಂದರು. ನಾನು ಬೇಡ ಎಂದೆ. ಆಕೆ ಸೀಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

"ದಿನಾ ಸಂಜೆ ಮರೀದೆ ಚಾರ್ಜಿಗೆ ಹಾಕೋರು ಕಣಮ್ಮ. ಶನಿವಾರ ಗಾಳಿ ಹೊಡೆದು, ನೀರಿನ ಬಾಟ್ಲಿ ತುಂಬಿಸಿ ಇಕ್ಕೋರು. ಎಲ್ಲಿಗೋಯ್ತೀರಿ ಈ ಮೈಯಾಗೆ ಅಂದ್ರೆ, ಆಯಮ್ಮ ಬಾ ಅಂತ ಫೋನ್ ಮಾಡ್ತಾಳೆ, ಹುಣಸೆ ಮರದ್ ತನಕ ಹೋಗ್ ಬತ್ತೀನಿ ಅನ್ನೋರು. ಭಾನುವಾರ ಹೊತ್ತೇರೋ ತನಕ ಬೂಟ್ ಹಾಕ್ಕೊಂಡು ಇದೇ ಕುರ್ಚಿ ಮೇಲೆ ಕೂತಿರೋರು." ಬೈಯುವ ದನಿಯಲ್ಲಲ್ಲ, ತಿಳಿದುಕೊಳ್ಳುವ ಹಾಗೆ ಕೇಳಿದರು. "ಯಾಕ್ ಮಾಡ್ಲಿಲ್ಲಮ್ಮ?"

"ಅಂಗಡೀಲಿ ಕೆಲಸ ಇತ್ತಮ್ಮ," ಎಂದೆ.

"ಅವ್ರೂ ಅಂಗೇ ಅನ್ನೋರು," ಎಂದರು ಆಕೆ. "ಪಾಪ, ಅಂಗಡೀಲಿ ಆಯಮ್ಮಂಗೆ ಬಿಡುವೇ ಇರಲ್ಲ ಅಂತ."